ಪ್ರಶ್ನೆ ಚಿಹ್ನೆ ಉದುರಿಹೋದ ಬಗೆ

ನಾವು ವೈದ್ಯಕೀಯ ಕಲಿಯುತ್ತಿದ್ದ ಕಾಲದಲ್ಲಿ, ಮಗು ವಾರ್ಡಿಗೆ ಸೇರಿದ ದಿನ ಕೇಸ್ ಶೀಟಿನ ನೆತ್ತಿಯಲ್ಲಿ ರೋಗದ ಹೆಸರು ಬರೆಯುವ ಮುನ್ನ ಒಂದು ಪ್ರಶ್ನೆ ಚಿಹ್ನೆ ಹಾಕುವುದು ರೂಢಿಯಾಗಿತ್ತು. ‘? ಟೈಫಾಯ್ಡ್’, ‘? ಟಿ.ಬಿ. ಮೆನಿಂಜೈಟಿಸ್’, ‘? ನ್ಯುಮೋನಿಯಾ’. ಇದು ಇವತ್ತಿನ ಮಟ್ಟಿಗೆ ನಮ್ಮ ಊಹೆ, ನಾಳೆ ಬೆಳಿಗ್ಗೆ ರೌಂಡ್ಸಿಗೆ ಬರುವವರು ಇದನ್ನೇ ನಂಬಿಕೊಂಡು ಹೋಗಬೇಕಾಗಿಲ್ಲ, ಮಗುವನ್ನು ಮತ್ತೊಮ್ಮೆ ಮುಟ್ಟಿ ನೋಡಿ ಎಂದು ಆ ಚಿಹ್ನೆ ಹೇಳುತ್ತಿತ್ತು. ಮಕ್ಕಳ ವಿಷಯದಲ್ಲಿ ಅದರ ತೂಕ ಇನ್ನೂ ಹೆಚ್ಚು. ಎಲ್ಲಿ ನೋವು ಎಂದು ಕೂಸು ಹೇಳಲಾರದು; ಬೆಳಿಗ್ಗೆ ಆಡಿಕೊಂಡಿದ್ದದ್ದು ಸಂಜೆಗೆ ಕೈಮೀರಿರುತ್ತದೆ; ನೂರು ಜ್ವರಗಳಲ್ಲಿ ತೊಂಬತ್ತಕ್ಕೂ ಮಿಕ್ಕಿ ತಾವಾಗಿ ಇಳಿಯುವಂಥವು, ಉಳಿದವುಗಳಲ್ಲಿ ಒಂದು ಮಾತ್ರ ಮೆದುಳಿಗೆ ಇಳಿಯುವಂಥದ್ದು, ಮೊದಲ ದಿನ ಎಲ್ಲದರ ಮುಖವೂ ಒಂದೇ. ವಿಶ್ವ ಆರೋಗ್ಯ ಸಂಸ್ಥೆಯು ಸೆಪ್ಟೆಂಬರ್ 17ರ ರೋಗಿ ಸುರಕ್ಷತಾ ದಿನಕ್ಕೆ 2024ರಲ್ಲಿ ರೋಗನಿರ್ಣಯದ ಸುಧಾರಣೆಯನ್ನೂ, 2025ರಲ್ಲಿ ನವಜಾತ ಶಿಶು ಮತ್ತು ಮಕ್ಕಳ ಸುರಕ್ಷಿತ ಆರೈಕೆಯನ್ನೂ ವಿಷಯವಾಗಿ ಆರಿಸಿಕೊಂಡಿತು. ಬೆನ್ನುಬೆನ್ನಿಗೆ ಬಂದ ಈ ಎರಡು ಘೋಷಣೆಗಳನ್ನು ಜೋಡಿಸಿ ಓದಿದಾಗ, ನಾಲ್ಕು ದಶಕ ಮಕ್ಕಳ ವಾರ್ಡುಗಳಲ್ಲೇ ಕಳೆದ ನನಗೆ ಹಿಂತಿರುಗಿ ನೋಡಬೇಕೆನ್ನಿಸಿತು. ನಾವು ಎಲ್ಲಿ ತಪ್ಪಿದೆವು, ತಪ್ಪಿದ್ದನ್ನು ಹೇಗೆ ಕಂಡೆವು, ಕಂಡ ಮೇಲೆ ಏನು ಮಾಡಿದೆವು ಎಂದು.

ಎಪ್ಪತ್ತರ ದಶಕದ ಮೊದಲಿಗೆ ಈ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 129 ಮಕ್ಕಳು ಮೊದಲ ಹುಟ್ಟುಹಬ್ಬ ಕಾಣುತ್ತಿರಲಿಲ್ಲ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ 1935ರಿಂದಲೇ ಇತ್ತು ನಿಜ, ಆದರೆ ತಾಲ್ಲೂಕು ಕೇಂದ್ರದ ವೈದ್ಯನ ಕೈಯಲ್ಲಿದ್ದದ್ದು ಸ್ಟೆತಾಸ್ಕೋಪು, ಸೂಕ್ಷ್ಮದರ್ಶಕ, ಕರೆಂಟು ಇದ್ದ ಹೊತ್ತಿನಲ್ಲಿ ಒಂದು ಎಕ್ಸ್-ರೇ. ಮನೆಯವರು ರೋಗಕ್ಕೆ ತಮ್ಮದೇ ಹೆಸರಿಟ್ಟುಕೊಂಡು ಬರುತ್ತಿದ್ದರು. ಫಿಟ್ಸ್ ಬಂದರೆ ಬಾಲಗ್ರಹ, ಮೆನಿಂಜೈಟಿಸ್ ಆದರೆ ಜ್ವರ ನೆತ್ತಿಗೇರಿದ್ದು, ಕಾಮಾಲೆಗೆ ಹೊಟ್ಟೆಯ ಮೇಲೆ ಬರೆ. ಅದನ್ನು ಅಜ್ಞಾನವೆಂದು ನಾವು ಬಯ್ಯುತ್ತಿದ್ದೆವು. ಆದರೆ ನಮ್ಮ ಬಳಿಯೂ ಅಂಥ ಹೆಸರುಗಳಿದ್ದವು. ಎಂಟು ತಿಂಗಳ ಕೂಸಿಗೆ ಭೇದಿಯಾದರೆ ‘ಹಲ್ಲು ಬರೋ ಕಾಲ, ಹಾಗೇ ಆಗುತ್ತೆ’ ಎಂದು ಎಷ್ಟು ಮಂದಿ ವೈದ್ಯರು ಹೇಳಿಲ್ಲ? ಹಲ್ಲು ಮೂಡುವ ವಯಸ್ಸೇ ಮಗು ಅಂಬೆಗಾಲಿಟ್ಟು ನೆಲದ ಮೇಲಿನದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸು ಎಂಬುದನ್ನು ಕೂಡಿಸಿ ನೋಡದೆ, ಒಣಗಿದ ನಾಲಗೆ, ಗುಳಿಬಿದ್ದ ನೆತ್ತಿಯ ಮಕ್ಕಳನ್ನು ಮನೆಗೆ ಕಳಿಸಿದವರು ನಮ್ಮಲ್ಲೇ ಇದ್ದರು. ಡಾ. ಅನುಪಮಾ ನಿರಂಜನರ ‘ತಾಯಿ-ಮಗು’ ಕನ್ನಡದ ಮನೆಗಳಿಗೆ ತಲುಪಿದ ಮೇಲೆ, ಪುಸ್ತಕ ಓದಿಕೊಂಡು ಬಂದ ತಾಯಂದಿರೇ ನಮ್ಮನ್ನು ಎಷ್ಟೋ ಸಲ ತಿದ್ದಿದ್ದಾರೆ.

ಆ ಕಾಲದ ಒಂದು ಕಾಯಿಲೆ ಈಗಿನ ಯುವ ವೈದ್ಯರು ಪುಸ್ತಕದಲ್ಲಷ್ಟೇ ಕಾಣುವಂಥದ್ದು. ಆರು ತಿಂಗಳಿಂದ ಮೂರು ವರ್ಷದೊಳಗಿನ ಮಗು, ಉಬ್ಬಿದ ಹೊಟ್ಟೆ, ಕಲ್ಲಿನಂತೆ ಗಟ್ಟಿಯಾದ ಲಿವರು, ನಿಧಾನವಾಗಿ ಏರುವ ಕಾಮಾಲೆ. ಹೆಚ್ಚೆಂದರೆ ಕೆಲವು ತಿಂಗಳ ಆಯುಷ್ಯ. ಒಂದೇ ಮನೆಯಲ್ಲಿ ಅಣ್ಣ ಹೋದ, ಈಗ ತಂಗಿ. ಭಾರತದ ಮಕ್ಕಳ ಸಿರೋಸಿಸ್ ಎಂದು ಅದಕ್ಕೆ ದೇಶದ ಹೆಸರನ್ನೇ ಇಟ್ಟಿದ್ದರು. ವಂಶದ ದೋಷ ಎಂದರು, ವೈರಸ್ ಎಂದರು, ತಾಯಿಯ ಹಾಲಿನ ದೋಷ ಎಂದವರೂ ಉಂಟು. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ವೈದ್ಯರು ಇಂಗ್ಲೆಂಡಿನ ಸ್ಟುವರ್ಟ್ ಟ್ಯಾನರ್ ಅವರೊಡನೆ ಸೇರಿ 1983ರಲ್ಲಿ ಬರೆದ ಪ್ರಬಂಧ ನಮ್ಮ ಅಡುಗೆಮನೆಯತ್ತ ಬೊಟ್ಟು ಮಾಡಿತು. ಎಳೆಯ ಕೂಸಿಗೆ ಕೊಡುವ ಹಸುವಿನ, ಎಮ್ಮೆಯ ಹಾಲನ್ನು ಹಿತ್ತಾಳೆ-ತಾಮ್ರದ ಪಾತ್ರೆಯಲ್ಲಿ ಕಾಯಿಸಿ, ಅದರಲ್ಲೇ ಇಡುತ್ತಿದ್ದರು. ಹಾಲಿನ ಜೊತೆ ತಾಮ್ರ ಲಿವರಿಗೆ ಸೇರುತ್ತಿತ್ತು. ಕಲಾಯಿಯವನು ಬೀದಿಗೆ ಬರುವುದು ತಪ್ಪಿದ ಮನೆಗಳನ್ನು ನೆನೆಸಿಕೊಳ್ಳಿ. ತವರಿನ ಲೇಪ ಸವೆದ ಪಾತ್ರೆಯ ಒಳಮೈ ಹೇಗೆ ಕೆಂಪಗೆ ಕಾಣುತ್ತಿತ್ತು ಎಂಬುದು ಆ ತಲೆಮಾರಿನವರಿಗೆಲ್ಲ ಗೊತ್ತು. ಸ್ಟೀಲ್ ಪಾತ್ರೆ ಬಂತು, ತೊಂಬತ್ತರ ದಶಕದ ಹೊತ್ತಿಗೆ ಕಾಯಿಲೆ ಬಹುಮಟ್ಟಿಗೆ ಮರೆಯಾಯಿತು. ಇದನ್ನು ವೈದ್ಯಕೀಯದ ಗೆಲುವೆಂದು ನಾವು ಪಾಠ ಹೇಳುತ್ತೇವೆ. ಆದರೆ ಕಲ್ಕತ್ತೆಯಿಂದ ಈ ಕಾಯಿಲೆಯ ಮೊದಲ ವರದಿ ಬಂದದ್ದು 1887ರಲ್ಲಿ. ಸುಮಾರು ನೂರು ವರ್ಷ ವೈದ್ಯರು ಆ ಮಕ್ಕಳ ಹೊಟ್ಟೆ ಮುಟ್ಟಿ ನೋಡಿದರು. ಹಾಲು ಯಾವುದರಲ್ಲಿ ಕಾಯಿಸುತ್ತೀರಮ್ಮ ಎಂಬ ಪ್ರಶ್ನೆ ಮಾತ್ರ ಕೇಸ್ ಶೀಟಿಗೆ ಬರಲು ಅಷ್ಟು ಕಾಲ ಬೇಕಾಯಿತು.

ಇನ್ನೊಂದನ್ನು ಬರೆಯುವಾಗ ಕೈ ತಡೆಯುತ್ತದೆ. ನಮ್ಮ ಹಳ್ಳಿಗಳಲ್ಲಿ ಐವತ್ತು ದಾಟಿದ, ಒಂದು ಕಾಲು ಸಣಕಲಾದ ಯಾರನ್ನಾದರೂ ಕೇಳಿ. ‘ಸಣ್ಣವನಿದ್ದಾಗ ಜ್ವರ ಬಂತು, ಡಾಕ್ಟ್ರು ಸೂಜಿ ಹಾಕಿದರು, ಕಾಲು ಬಿತ್ತು’ ಎನ್ನುತ್ತಾರೆ. ಬಹಳ ವರ್ಷ ನಾವು ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕಿದೆವು. ಪೋಲಿಯೊ ವೈರಸ್ ದೇಹದೊಳಗಿರುವ ದಿನಗಳಲ್ಲಿ ಸ್ನಾಯುವಿಗೆ ಇಂಜೆಕ್ಷನ್ ಕೊಟ್ಟರೆ ಆ ಅಂಗವೇ ಸೋಲುವ ಅಪಾಯ ಹೆಚ್ಚುತ್ತದೆ ಎಂಬುದು ಈಗ ವಿವಾದವಿಲ್ಲದ ಸಂಗತಿ. ಜ್ವರದ ಹೆಸರು ಗೊತ್ತಿಲ್ಲದೆ, ಕಾರಣ ತಿಳಿಯದೆ, ತಾಯಿಯ ಸಮಾಧಾನಕ್ಕೆಂದು ಚುಚ್ಚಿದ ಸೂಜಿಗಳವು. ಹಳ್ಳಿಯ ಜನ ಹೇಳಿದ ಮಾತಿನಲ್ಲಿ ಪೂರ್ತಿ ಅಲ್ಲದಿದ್ದರೂ ಒಂದು ಪಾಲು ಸತ್ಯವಿತ್ತು. 2011ರ ಜನವರಿಯಲ್ಲಿ ಹೌರಾದ ಹೆಣ್ಣುಮಗುವೊಂದು ದೇಶದ ಕೊನೆಯ ಪೋಲಿಯೊ ರೋಗಿಯಾಯಿತು, 2014ರ ಮಾರ್ಚಿನಲ್ಲಿ ಪ್ರಮಾಣಪತ್ರವೂ ಸಿಕ್ಕಿತು. ಎರಡು ಹನಿಯ ಭಾನುವಾರಗಳು ನಮ್ಮೆಲ್ಲರ ನೆನಪಿನಲ್ಲಿ ಹಬ್ಬದಂತೆ ಉಳಿದಿವೆ. ಸೋತ ಕಾಲುಗಳಲ್ಲಿ ಎಷ್ಟಕ್ಕೆ ನಮ್ಮ ಸೂಜಿ ಕಾರಣ ಎಂದು ಲೆಕ್ಕ ಹಾಕಿ ಆ ಕುಟುಂಬಗಳ ಮುಂದೆ ನಿಂತು ಒಪ್ಪಿಕೊಂಡ ದಿನ ಮಾತ್ರ ನನ್ನ ನೆನಪಿನಲ್ಲಿಲ್ಲ.

ಒಪ್ಪಿಕೊಳ್ಳಲು ಅಡ್ಡಬಂದದ್ದು ಅಹಂಕಾರವೊಂದೇ ಅಲ್ಲ. ನಮ್ಮ ನಾಡಿನಲ್ಲಿ ‘ಕೈಗುಣ’ ಎಂಬ ಮಾತಿದೆ. ಆ ಡಾಕ್ಟರ ಕೈಗುಣ ಚೆನ್ನಾಗಿದೆ, ಮುಟ್ಟಿದರೆ ಸಾಕು ಎಂದು ಜನ ಪ್ರೀತಿಯಿಂದ ಹೇಳುವ ಮಾತು. ಅದೇ ನಮ್ಮ ಕಣ್ಣು ಕಟ್ಟಿತು. ತಾನಾಗಿ ಇಳಿಯುವ ಜ್ವರ ಮೂರನೆಯ ದಿನ ಇಳಿದಾಗ ಕೊಟ್ಟ ಔಷಧಕ್ಕೆ ಕೀರ್ತಿ. ನಿರ್ಣಯ ತಪ್ಪಾಗಿದ್ದರೂ ಅದು ಬಯಲಾಗುವ ದಾರಿಯಿಲ್ಲ. ಇಳಿಯದಿದ್ದರೆ ಮನೆಯವರು ನಮ್ಮ ಬಳಿಗೆ ಮರಳುವುದಿಲ್ಲ, ಪಕ್ಕದ ಊರಿನ ಇನ್ನೊಬ್ಬರ ಹತ್ತಿರ ಹೋಗುತ್ತಾರೆ. ಮಗು ಬರಲಿಲ್ಲವಲ್ಲ, ಗುಣವಾಗಿರಬೇಕು ಎಂದುಕೊಂಡು ನಾವು ನಿಶ್ಚಿಂತರಾಗಿರುತ್ತೇವೆ. ಹೀಗೆ ವರ್ಷಗಟ್ಟಲೆ ತಪ್ಪುತ್ತಲೇ ಇದ್ದು, ಒಂದೂ ತಪ್ಪಿಲ್ಲವೆಂದು ಪ್ರಾಮಾಣಿಕವಾಗಿ ನಂಬಿ ನಿವೃತ್ತನಾಗುವುದು ಮಕ್ಕಳ ವೈದ್ಯನಿಗೆ ಸಾಧ್ಯವಿದೆ.

ನನಗೆ ಆ ನಂಬಿಕೆ ಬೇಗ ಒಡೆಯಿತು. ಎಂಬತ್ತರ ದಶಕದ ನಡುವಿನ ಮಾತು, ಒಂದು ಜಿಲ್ಲಾ ಆಸ್ಪತ್ರೆ. ಎರಡೂವರೆ ವರ್ಷದ ಹುಡುಗ, ಕೆಮ್ಮು, ಗೊರಗೊರ ಉಸಿರು. ಸೇರಿಸಿಕೊಂಡ ರಾತ್ರಿ ನಾನೇ ಬರೆದೆ: ‘? ಆಸ್ತಮಾ’. ಔಷಧಕ್ಕೆ ಒಂದಿಷ್ಟು ಹಗುರಾದಂತೆ ಕಂಡ. ನಾಲ್ಕನೆಯ ದಿನ ಕೇಸ್ ಶೀಟ್ ತುಂಬಿ ಹೊಸ ಹಾಳೆ ಸೇರಿಸುವಾಗ ಮೇಲಿನ ಸಾಲನ್ನು ನಕಲು ಮಾಡಿದೆ. ಪ್ರಶ್ನೆ ಚಿಹ್ನೆ ಬಿಟ್ಟುಹೋಯಿತು. ಬೇಕೆಂದು ಬಿಟ್ಟದ್ದಲ್ಲ, ಅವಸರದಲ್ಲಿ ಪೆನ್ನು ಅದನ್ನು ದಾಟಿತು. ಅಲ್ಲಿಂದ ಮುಂದೆ ಆತ ಎಲ್ಲರಿಗೂ ಆಸ್ತಮಾದ ಹುಡುಗ. ಬಿಡುಗಡೆ, ಮತ್ತೆ ದಾಖಲು, ಮತ್ತೆ ಬಿಡುಗಡೆ. ಏಳನೆಯ ವಾರ ಜ್ವರವೂ ಸೇರಿ ಬಂದಾಗ ನಮ್ಮ ಹಿರಿಯರು ರೌಂಡ್ಸಿಗೆ ಬಂದು ಹುಡುಗನ ಅಂಗಿ ಬಿಚ್ಚಿಸಿದರು. ಎಡಗಡೆ ಆಲಿಸಿದರು, ಬಲಗಡೆ ಆಲಿಸಿದರು, ಏನೂ ಹೇಳದೆ ಸ್ಟೆತಾಸ್ಕೋಪನ್ನು ನನ್ನ ಕೈಗೆ ಕೊಟ್ಟರು. ಎಡಕ್ಕೆ ಉಸಿರು ಚೆನ್ನಾಗಿ ಕೇಳುತ್ತಿತ್ತು, ಬಲಕ್ಕೆ ಗೋಡೆಯ ಆಚೆಯಿಂದ ಬಂದಂತಿತ್ತು. ಅವರು ತಾಯಿಯನ್ನು ಬಿಟ್ಟು ಮೂಲೆಯಲ್ಲಿ ಕೂತಿದ್ದ ಅಜ್ಜಿಯತ್ತ ತಿರುಗಿ, ಮೊದಲ ಕೆಮ್ಮು ಬಂದಾಗ ಇವನು ಏನು ಮಾಡ್ತಿದ್ದ ಎಂದು ಕೇಳಿದರು. ‘ನಾ ಶೇಂಗಾ ಸುಲೀತಿದ್ದೆ ಯಪ್ಪಾ, ಮಗ್ಗಲದಾಗ ಕುಂತಿದ್ದ. ಒಮ್ಮಿಗಲೇ ಉಸಿರು ಹಿಡದ್ಹಂಗ ಮಾಡಿ ನೀಲಿ ಆದ, ಆಮೇಲೆ ಕೆಮ್ಮು ಸುರು ಆತು’ ಎಂದಳು ಆಕೆ. ಶೇಂಗಾ ಬೀಜ ಎಕ್ಸ್-ರೇಯಲ್ಲಿ ಕಾಣುವುದಿಲ್ಲ. ದೊಡ್ಡ ಊರಿಗೆ ಕಳಿಸಿ ಬ್ರಾಂಕೋಸ್ಕೋಪಿಯಲ್ಲಿ ಅರ್ಧ ಬೇಳೆ ತೆಗೆಸಬೇಕಾಯಿತು. ಹುಡುಗ ಬದುಕಿದ, ಬಲ ಶ್ವಾಸಕೋಶದ ಕೆಳಭಾಗ ಮೊದಲಿನಂತಾಗಲಿಲ್ಲ. ಆ ಅಜ್ಜಿ ಮೊದಲ ದಿನದಿಂದಲೂ ಅದೇ ಮೂಲೆಯಲ್ಲಿ ಕೂತಿದ್ದಳು. ಆಕೆಯನ್ನು ನಾನು ಒಂದು ಮಾತೂ ಕೇಳಿರಲಿಲ್ಲ.

ತೊಂಬತ್ತರ ದಶಕದಲ್ಲಿ ಲ್ಯಾಬುಗಳು ತಾಲ್ಲೂಕುಗಳಿಗೂ ಬಂದವು, ಖಾಸಗಿ ನರ್ಸಿಂಗ್ ಹೋಮುಗಳು ಬೀದಿಬೀದಿಯಲ್ಲಿ ತೆರೆದವು. ಇನ್ನು ಕತ್ತಲಲ್ಲಿ ತಡಕಾಡುವುದು ತಪ್ಪಿತು ಎಂದು ನಾವು ನಂಬಿದೆವು. ಆದದ್ದೇ ಬೇರೆ: ತಪ್ಪಿಗೆ ಕಾಗದದ ಸಾಕ್ಷಿ ಸಿಗತೊಡಗಿತು. ಫ್ರಾನ್ಸಿನ ವೈಡಾಲ್ 1896ರಲ್ಲಿ ರೂಪಿಸಿದ ಪರೀಕ್ಷೆ, ಟೈಫಾಯ್ಡ್ ಮೊದಲೇ ಹರಡಿರುವ ನಾಡಿನಲ್ಲಿ ಒಂದೇ ಸಲ ಮಾಡಿದರೆ ಹೆಚ್ಚೇನೂ ಹೇಳದು ಎಂಬುದು ಪಠ್ಯಪುಸ್ತಕದಲ್ಲೇ ಇದ್ದ ಮಾತು. ಆದರೂ ಜ್ವರದ ಎರಡನೆಯ ದಿನವೇ ‘ವೈಡಾಲ್ ಪಾಸಿಟಿವ್’ ಚೀಟಿ ಹಿಡಿದು ಎಷ್ಟು ಮಕ್ಕಳು ಸೂಜಿ ಚುಚ್ಚಿಸಿಕೊಂಡು, ಬಾಟಲಿ ಏರಿಸಿಕೊಂಡು ಮಲಗಿಲ್ಲ! ಅದಕ್ಕಿಂತ ವ್ಯಾಪಕವಾಗಿದ್ದದ್ದು ‘ಪ್ರೈಮರಿ ಕಾಂಪ್ಲೆಕ್ಸ್’. ಈ ಲೇಖನ ಓದುತ್ತಿರುವವರಲ್ಲಿ ಹಲವರು ಚಿಕ್ಕಂದಿನಲ್ಲಿ ಅದರ ಹೆಸರಿನಲ್ಲಿ ಆರು ತಿಂಗಳು ಮಾತ್ರೆ ನುಂಗಿದವರೇ. ಮಗು ಸರಿಯಾಗಿ ಉಣ್ಣುವುದಿಲ್ಲ, ತೂಕ ಏರುತ್ತಿಲ್ಲ, ಆಗಾಗ ನೆಗಡಿ, ಕತ್ತಿನಲ್ಲಿ ಗೋಲಿಯಷ್ಟು ಗಂಟು, ಎಕ್ಸ್-ರೇಯಲ್ಲಿ ಏನೋ ಮಬ್ಬು. ಕ್ಷಯದ ಸೋಂಕು ಮೊದಲು ತಗಲಿದಾಗ ಶ್ವಾಸಕೋಶದಲ್ಲಾಗುವ ಬದಲಾವಣೆಗೆ ಇರುವ ಶಾಸ್ತ್ರೀಯ ಹೆಸರು, ಬಡಕಲು ಮಕ್ಕಳಿಗೆಲ್ಲ ಹಚ್ಚುವ ಚೀಟಿಯಾಯಿತು. ರಕ್ತದಲ್ಲಿ ಕ್ಷಯ ಹುಡುಕುವ ಪರೀಕ್ಷೆಗಳ ಮಾರಾಟವನ್ನೂ ಬಳಕೆಯನ್ನೂ ಕೇಂದ್ರ ಸರ್ಕಾರ 2012ರ ಜೂನ್‌ನಲ್ಲಿ ನಿಷೇಧಿಸುವವರೆಗೆ ಆ ಚೀಟಿಗಳಿಗೆ ಲ್ಯಾಬಿನ ಮೊಹರೂ ಇತ್ತು. ಇದರ ಇನ್ನೊಂದು ಮಗ್ಗುಲು ಹೆಚ್ಚು ಕ್ರೂರ. ಇಲ್ಲದ ಮಕ್ಕಳಿಗೆ ಕ್ಷಯ ಅಂಟಿಸಿದ ಅದೇ ಕೈಗಳು, ಮೂರು ವಾರ ಸಣ್ಣ ಜ್ವರ, ಮಂಕು, ವಾಂತಿ ಎಂದು ಬಂದ ಮಗುವಿನ ಮೆದುಳಿನಲ್ಲಿ ನಿಜವಾದ ಕ್ಷಯ ಕೂತಿದ್ದನ್ನು ಹೊಟ್ಟೆಯ ತೊಂದರೆಯೆಂದು ತಡಮಾಡಿದವು.

ಇದೇ ದಶಕದಲ್ಲಿ ಇನ್ನೊಂದು ತಿರುವು ಬಂತು. 1995ರ ನವೆಂಬರ್ 13ರಂದು ಸುಪ್ರೀಂ ಕೋರ್ಟು, ವೈದ್ಯಕೀಯ ಸೇವೆಯೂ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದು ತೀರ್ಪಿತ್ತಿತು. ನೊಂದ ಕುಟುಂಬಗಳಿಗೆ ಅದು ತಡವಾಗಿ ತೆರೆದ ಬಾಗಿಲು. ಅದು ಬೇಕಿತ್ತು ಎಂದೇ ನಾನು ಇಂದಿಗೂ ನಂಬಿದ್ದೇನೆ. ಆದರೆ ವೈದ್ಯರ ಕೋಣೆಗಳಲ್ಲಿ ಅದಾದ ಮೇಲೆ ಮಾತು ಕಡಿಮೆಯಾಯಿತು. ಮೊದಲು ಚಹಾ ಕುಡಿಯುತ್ತ ‘ಮೊನ್ನೆ ಒಂದು ಇಂಟಸಸೆಪ್ಷನ್ ಕೈತಪ್ಪಿತು ಕಣಯ್ಯಾ, ಆಮಶಂಕೆ ಅಂದುಕೊಂಡೆ’ ಎನ್ನುತ್ತಿದ್ದ ಹಿರಿಯರು ಸುಮ್ಮನಾದರು. ಕರುಳು ಕರುಳಿನೊಳಗೆ ತೂರಿಕೊಂಡ ಕೂಸು ಹತ್ತು ನಿಮಿಷಕ್ಕೊಮ್ಮೆ ಕಾಲು ಮಡಚಿ ಚೀರಿ ಮತ್ತೆ ಮಂಕಾಗುತ್ತದೆ, ರಕ್ತ ಸೇರಿದ ಮಲ ಬರುವ ಹೊತ್ತಿಗೆ ತಡವಾಗಿರುತ್ತದೆ ಎಂದು ನಾನು ಕಲಿತದ್ದು ಅಂಥ ಚಹಾದ ಮಾತಿನಿಂದ, ಪಠ್ಯದಿಂದಲ್ಲ. 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಅದೇ ನ್ಯಾಯಾಲಯ, ನಿರ್ಣಯದಲ್ಲಾದ ತಪ್ಪೆಲ್ಲ ನಿರ್ಲಕ್ಷ್ಯವಾಗದು ಎಂದು ಗೆರೆ ಎಳೆಯಿತು. ಅಷ್ಟು ಹೊತ್ತಿಗೆ ಮೌನ ಅಭ್ಯಾಸವಾಗಿತ್ತು. ಆಸ್ಪತ್ರೆಗಳ ಮೇಲಿನ ಹಲ್ಲೆ ತಡೆಯಲು 2009ರಲ್ಲಿ ರಾಜ್ಯ ಕಾಯ್ದೆ ತಂದಿತು. 2017ರ ನವೆಂಬರಿನಲ್ಲಿ ಖಾಸಗಿ ಆಸ್ಪತ್ರೆಗಳ ಕಾಯ್ದೆಯ ತಿದ್ದುಪಡಿಯನ್ನು ವಿರೋಧಿಸಿ ಖಾಸಗಿ ವೈದ್ಯರು ರಾಜ್ಯದಾದ್ಯಂತ ಬಾಗಿಲು ಮುಚ್ಚಿ ಮುಷ್ಕರ ಹೂಡಿದ ದಿನಗಳು ಯಾರಿಗೂ ಮರೆತಿರಲಾರವು. ಶುಲ್ಕ, ಶಿಕ್ಷೆ, ಜೈಲು ಎಂದು ಎರಡೂ ಕಡೆ ಆವೇಶದ ಮಾತು ನಡೆಯಿತು. ತಪ್ಪು ಹೇಗೆ ಆಗುತ್ತದೆ, ಮುಂದಿನ ಮಗುವಿಗೆ ಅದು ಆಗದಂತೆ ತಡೆಯುವುದು ಹೇಗೆ ಎಂಬ ಮಾತು ಆ ಗದ್ದಲದಲ್ಲಿ ನನ್ನ ಕಿವಿಗೆ ಬೀಳಲಿಲ್ಲ.

ಆ ನಡುವೆ, 2010ರಲ್ಲಿ, ಅಮೆರಿಕದ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಹ್ಯೂಸ್ಟನ್ನಿನ ಹರ್ದೀಪ್ ಸಿಂಗ್ ಮತ್ತು ಸಂಗಡಿಗರ ಅಧ್ಯಯನವೊಂದು ಬಂತು. ಅವರು ಮಾಡಿದ್ದು ಬಹಳ ಸರಳ: ಮಕ್ಕಳ ವೈದ್ಯರನ್ನೇ, ಹೆಸರು ಕೇಳದೆ, ನೀವು ಎಷ್ಟು ಸಲ ತಪ್ಪುತ್ತೀರಿ ಎಂದು ಕೇಳಿದರು. 726 ಮಂದಿ ಉತ್ತರಿಸಿದರು. ಶೇ 54 ಮಂದಿ, ತಿಂಗಳಿಗೆ ಒಂದೆರಡು ಸಲವಾದರೂ ರೋಗನಿರ್ಣಯದಲ್ಲಿ ತಪ್ಪುತ್ತೇವೆ ಎಂದರು. ತರಬೇತಿಯಲ್ಲಿದ್ದ ಕಿರಿಯರಲ್ಲಿ ಹಾಗೆಂದವರು ಶೇ 77. ವರ್ಷಕ್ಕೆ ಒಂದೆರಡು ಸಲವಾದರೂ ತಮ್ಮ ತಪ್ಪಿನಿಂದ ಮಗುವಿಗೆ ಹಾನಿಯಾಗಿದೆ ಎಂದು ಶೇ 45 ಮಂದಿ ಒಪ್ಪಿಕೊಂಡರು. ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು ಯಾವುದು ಎಂಬುದಕ್ಕೆ ಬಂದ ಉತ್ತರ ನಮ್ಮ ಯಾವ ತಾಲ್ಲೂಕಿನ ವೈದ್ಯನೂ ಕೊಡಬಹುದಾದದ್ದು: ವೈರಸ್ ಕಾಯಿಲೆಯನ್ನು ಬ್ಯಾಕ್ಟೀರಿಯಾದ್ದೆಂದು ತಿಳಿಯುವುದು. ಆಮೇಲೆ ಔಷಧದ ಅಡ್ಡಪರಿಣಾಮ, ಮಾನಸಿಕ ತೊಂದರೆ, ಅಪೆಂಡಿಸೈಟಿಸ್. ಕಾರಣ ಕೇಳಿದರೆ ಯಂತ್ರದ ಕೊರತೆಯೆಂದು ಹೆಚ್ಚಿನವರು ಹೇಳಲಿಲ್ಲ. ರೋಗದ ಕಥೆ ಪೂರ್ತಿ ಕೇಳಲಿಲ್ಲ, ಮೈ ಪೂರ್ತಿ ನೋಡಲಿಲ್ಲ, ಹಳೆಯ ಕಾಗದ ತಿರುವಲಿಲ್ಲ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಮಗು ಹೋಗುವಾಗ ಮಾಹಿತಿ ಜಾರಿತು ಎಂದರು. ನಾನು ಆ ಪ್ರಬಂಧ ಓದಿದ ದಿನ ಅಜ್ಜಿಯ ಮುಖ ಕಣ್ಣ ಮುಂದೆ ಬಂತು. ನನ್ನ ಗುಟ್ಟು ಎಂದುಕೊಂಡಿದ್ದದ್ದು ಸಾವಿರಾರು ಮೈಲಿ ದೂರದ ಅಪರಿಚಿತರದ್ದೂ ಆಗಿತ್ತು. ಹೆಸರು ಬರೆಯಬೇಕಾಗಿಲ್ಲ ಎಂದಾಗ ವೈದ್ಯರು ಎಷ್ಟು ನೇರವಾಗಿ ಮಾತಾಡುತ್ತಾರೆ!

ಒಬ್ಬ ವೈದ್ಯನ ತಪ್ಪು ಒಂದು ಮನೆಯನ್ನು ಮುಳುಗಿಸುತ್ತದೆ, ಇಡೀ ವ್ಯವಸ್ಥೆ ಒಂದು ಹೆಸರಿಗೆ ಅಂಟಿಕೊಂಡರೆ ಜಿಲ್ಲೆಗೆ ಜಿಲ್ಲೆಯೇ ನಲುಗುತ್ತದೆ. ಬಿಹಾರದ ಮುಜಫ್ಫರ್‌ಪುರದಲ್ಲಿ 1995ರಿಂದ ಬೇಸಿಗೆ ಬಂದರೆ ಬೆಳಗಿನ ಜಾವ ಮಕ್ಕಳು ಫಿಟ್ಸ್ ಬಂದು ಸಾಯುತ್ತಿದ್ದರು. ಮೆದುಳುಜ್ವರ ಎಂದರು, ಕೋಲಾರ, ಮಂಡ್ಯ, ಬಳ್ಳಾರಿ ಕಡೆಯವರಿಗೂ ಆ ಹೆಸರಿನ ಭೀತಿ ಹೊಸದಲ್ಲ. ವೈರಸ್ಸಿಗಾಗಿ ಹುಡುಕಿದರು, ಸಿಗಲಿಲ್ಲ. ಬಿಸಿಲಿನ ಝಳ ಎಂದರು, ಕೀಟನಾಶಕ ಎಂದರು. ವೆಲ್ಲೂರಿನ ಡಾ. ಟಿ. ಜೇಕಬ್ ಜಾನ್ ಮತ್ತು ಮುಕುಲ್ ದಾಸ್ ಲಿಚಿ ಹಣ್ಣಿನತ್ತ ಬೆರಳು ತೋರಿಸಿದರು. 2014ರ ಬೇಸಿಗೆಯಲ್ಲಿ ಎರಡು ಆಸ್ಪತ್ರೆಗಳಿಗೆ ಬಂದ 390 ಮಕ್ಕಳನ್ನು ಪರಿಶೀಲಿಸಿದ ತನಿಖೆ ಅದನ್ನು ದೃಢಪಡಿಸಿತು. ಆ ಪೈಕಿ 122 ಮಕ್ಕಳು ತೀರಿಕೊಂಡಿದ್ದರು. ಹಗಲೆಲ್ಲ ತೋಟದಲ್ಲಿ ಲಿಚಿ ತಿಂದು, ರಾತ್ರಿ ಊಟವಿಲ್ಲದೆ ಮಲಗಿದ ಬಡ ಮಗುವಿನ ರಕ್ತದಲ್ಲಿ ಬೆಳಗಾಗುವಷ್ಟರಲ್ಲಿ ಸಕ್ಕರೆ ಪಾತಾಳಕ್ಕಿಳಿಯುತ್ತಿತ್ತು; ದೇಹ ಸಕ್ಕರೆ ತಯಾರಿಸಿಕೊಳ್ಳುವುದನ್ನು ಹಣ್ಣಿನ ವಿಷ ತಡೆಯುತ್ತಿತ್ತು. ಬೇಕಾಗಿದ್ದದ್ದು ಬೆರಳ ತುದಿಯ ಒಂದು ಹನಿ ರಕ್ತದ ಪರೀಕ್ಷೆ, ಕೂಡಲೇ ಗ್ಲೂಕೋಸು, ಅದಕ್ಕೂ ಮೊದಲು ಒಂದು ತುತ್ತು ರಾತ್ರಿಯೂಟ. ಇಷ್ಟು ಗೊತ್ತಾದ ಮೇಲೂ 2019ರಲ್ಲಿ ನೂರೈವತ್ತಕ್ಕೂ ಹೆಚ್ಚು ಮಕ್ಕಳು ಅಲ್ಲಿ ಸತ್ತರು. ಗೋರಖಪುರದ ಕಥೆಯೂ ಇಂಥದ್ದೇ. ದಶಕಗಳ ಕಾಲ ಜಪಾನೀಸ್ ಮೆದುಳುಜ್ವರದ ಲೆಕ್ಕಕ್ಕೆ ಸೇರಿಸುತ್ತಿದ್ದಂಥ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯಲ್ಲಿ ಸ್ಕ್ರಬ್ ಟೈಫಸ್ಸಿನ ಗುರುತಿದೆಯೆಂದು 2014ರ ನಂತರದ ಅಧ್ಯಯನಗಳು ತೋರಿಸಿದವು. ನುಸಿಯಂಥ ಸಣ್ಣ ಹುಳು ಕಚ್ಚಿದ ಜಾಗದಲ್ಲಿ ಬೀಡಿ ಸುಟ್ಟಂಥ ಕಪ್ಪು ಹಕ್ಕಳೆ ಕೆಲವರಲ್ಲಿ ಉಳಿಯುತ್ತದೆ. ಇರುವುದು ಕಂಕುಳಲ್ಲಿ, ತೊಡೆಸಂದಿಯಲ್ಲಿ, ಕಿವಿಯ ಹಿಂದೆ. ಬಟ್ಟೆ ಬಿಚ್ಚದಿದ್ದರೆ ಕಾಣದು. ಔಷಧ ಕೆಲವೇ ರೂಪಾಯಿಯದು.

ಗಳಿಕೆಯ ಕಡೆಯನ್ನು ಸಣ್ಣದು ಮಾಡಿ ಹೇಳಿದರೆ ಅನ್ಯಾಯವಾಗುತ್ತದೆ. ಸಾವಿರಕ್ಕೆ 129 ಇದ್ದ ಶಿಶುಮರಣ 2020ರ ಹೊತ್ತಿಗೆ ದೇಶದಲ್ಲಿ 28ಕ್ಕೆ, ಕರ್ನಾಟಕದಲ್ಲಿ 19ಕ್ಕೆ ಇಳಿದಿತ್ತು. ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎದೆಯ ಏರಿಳಿತ ಎಣಿಸಿ, ಎರಡು ತಿಂಗಳು ದಾಟಿದ, ವರ್ಷದೊಳಗಿನ ಕೂಸಿಗೆ 50, ಅದರ ಮೇಲಿನದ್ದಕ್ಕೆ 40 ಮುಟ್ಟಿದರೆ ನ್ಯುಮೋನಿಯಾ ಎಂದು ಹಿಡಿಯುವ ವಿದ್ಯೆ ಊರಿನ ಆರೋಗ್ಯ ಕಾರ್ಯಕರ್ತೆಯ ಕೈಗೂ ಬಂದಿದೆ. ನಮ್ಮ ಕಾಲದ ಎಷ್ಟೋ ವೈದ್ಯರಿಗಿಂತ ಈ ಹೆಣ್ಣುಮಕ್ಕಳು ಅದನ್ನು ಶ್ರದ್ಧೆಯಿಂದ ಮಾಡುತ್ತಾರೆ. ಅಲ್ಟ್ರಾಸೌಂಡ್ ಬಂದ ಮೇಲೆ ಕರುಳಿನ ತೊಡಕು ಗಂಟೆಯೊಳಗೆ ಗೊತ್ತಾಗುತ್ತದೆ. ಹೆಸರೇ ಇಲ್ಲದೆ ಸಾಯುತ್ತಿದ್ದ ಅಪರೂಪದ ಅನುವಂಶಿಕ ಕಾಯಿಲೆಯ ಮಕ್ಕಳಿಗೆ ಬೆಂಗಳೂರಿನಲ್ಲೇ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಮತ್ತು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಲ್ಲಿ, ರೋಗದ ಹೆಸರು ಸಿಗುತ್ತಿದೆ. ‘ನಮ್ಮ ಪಾಪು ಬಲು ಜಾಣ, ಅಳೋದೇ ಇಲ್ಲ’ ಎಂದು ಅಜ್ಜಿಯರು ಹೊಗಳುತ್ತಿದ್ದ, ನಾವೂ ತಲೆದೂಗುತ್ತಿದ್ದ ಥೈರಾಯ್ಡ್ ಕೊರತೆಯ ಕೂಸುಗಳನ್ನು ಹಿಮ್ಮಡಿಯ ಒಂದು ಹನಿ ರಕ್ತದಿಂದ ಮೊದಲ ವಾರದಲ್ಲೇ ಹಿಡಿದು, ಬುದ್ಧಿಮಾಂದ್ಯದಿಂದ ಉಳಿಸಬಹುದು. ನೆರೆಯ ಗೋವಾ, ಕೇರಳಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಅದನ್ನು ಶುರುಮಾಡಿದಾಗ ನನಗಾದ ಸಂತೋಷಕ್ಕೆ ಒಂದಿಷ್ಟು ಹೊಟ್ಟೆಕಿಚ್ಚೂ ಬೆರೆತಿತ್ತು.

ಕೊಟ್ಟ ಮಾತುಗಳ ಪಟ್ಟಿಯೂ ಇದೆ. ಸತ್ತ ಪ್ರತಿ ಮಗುವಿನ ಸಾವನ್ನೂ ಪರಾಮರ್ಶಿಸಿ ಎಲ್ಲಿ ತಡವಾಯಿತು ಎಂದು ದಾಖಲಿಸಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ಮಾರ್ಗಸೂಚಿ ಹೊರಡಿಸಿತು. 2018ರಿಂದ 2025ರ ಅವಧಿಗೆ ರೋಗಿ ಸುರಕ್ಷತೆಯ ರಾಷ್ಟ್ರೀಯ ಚೌಕಟ್ಟು ಬಂತು. ಎರಡನ್ನೂ ನಾನು ಗೌರವದಿಂದ ಓದಿದ್ದೇನೆ, ಒಳ್ಳೆಯವರು ಬರೆದ ಒಳ್ಳೆಯ ಕಾಗದಗಳು. ಆದರೆ ಅದೇ ಹೊತ್ತಿಗೆ ಕೇಸ್ ಶೀಟ್ ಕಂಪ್ಯೂಟರಿಗೆ ಹೋಯಿತು. ವಿಮೆಯ, ಯೋಜನೆಯ ಹಣ ಬರಬೇಕಾದರೆ ರೋಗಕ್ಕೆ ಒಂದು ಕೋಡ್ ಬೇಕು, ಪ್ಯಾಕೇಜ್ ಬೇಕು. ಪ್ರಶ್ನೆ ಚಿಹ್ನೆಗೆ ಕೋಡ್ ಇಲ್ಲ. ನಿನ್ನೆಯ ಸಾಲುಗಳನ್ನು ಇವತ್ತಿಗೆ ಅಂಟಿಸಿ ಮುಂದೆ ಹೋಗುವುದು ಈಗ ಒಂದು ಗುಂಡಿ ಒತ್ತುವ ಕೆಲಸ. ನನ್ನ ಪೆನ್ನು ಅವಸರದಲ್ಲಿ ದಾಟಿದ್ದನ್ನು ಯಂತ್ರ ನಿಯಮವಾಗಿ ದಾಟುತ್ತಿದೆ. ಟೋಕಿಯೊದ ಡಾ. ತೊಮಿಸಾಕು ಕವಾಸಾಕಿ 1961ರಲ್ಲಿ ನಾಲ್ಕು ವರ್ಷದ ಹುಡುಗನೊಬ್ಬನ ಜ್ವರ, ಕೆಂಪು ಕಣ್ಣು, ಒಡೆದ ತುಟಿ ನೋಡಿ, ಯಾವ ಹೆಸರಿಗೂ ಹೊಂದದ್ದರಿಂದ ರೋಗ ತಿಳಿಯದು ಎಂದೇ ಬರೆದು ಮನೆಗೆ ಕಳಿಸಿದರು. ಆ ಖಾಲಿ ಜಾಗವನ್ನು ಮನಸ್ಸಿನಲ್ಲಿಟ್ಟುಕೊಂಡೇ ಆರು ವರ್ಷ ಅಂಥ ಮಕ್ಕಳನ್ನು ಕೂಡಿಸುತ್ತ ಹೋಗಿ, 1967ರಲ್ಲಿ 50 ಮಕ್ಕಳ ವಿವರ ಪ್ರಕಟಿಸಿದರು. ಹೃದಯದ ರಕ್ತನಾಳಗಳನ್ನು ಕೆಡಿಸುವ ಆ ಕಾಯಿಲೆ ಈಗ ಅವರ ಹೆಸರಿನಲ್ಲಿದೆ. ನಮ್ಮಲ್ಲಿ ಇನ್ನೂ ಅದು ದಡಾರ, ಔಷಧದ ಅಲರ್ಜಿ ಎಂಬ ಹೆಸರುಗಳಡಿ ಹತ್ತು ದಿನ ಕಳೆದುಕೊಳ್ಳುತ್ತದೆ. ಅವತ್ತು ಅವರ ಮುಂದೆ ಕೋಡ್ ಕೇಳುವ ಪರದೆ ಇದ್ದಿದ್ದರೆ ಏನು ಬರೆಯುತ್ತಿದ್ದರೋ.

ಇಂಗ್ಲೆಂಡಿನಲ್ಲಿ 2021ರಲ್ಲಿ ಮಾರ್ಥಾ ಮಿಲ್ಸ್ ಎಂಬ 13 ವರ್ಷದ ಹುಡುಗಿ ಸೆಪ್ಸಿಸ್‌ನಿಂದ ತೀರಿಕೊಂಡಳು. ಮಗಳು ಕುಸಿಯುತ್ತಿದ್ದಾಳೆಂದು ತಂದೆತಾಯಿ ಹೇಳುತ್ತಲೇ ಇದ್ದರು. ಅವರ ಹೋರಾಟದಿಂದ 2024ರಲ್ಲಿ ಅಲ್ಲಿನ ಆಸ್ಪತ್ರೆಗಳಿಗೆ ‘ಮಾರ್ಥಾ ನಿಯಮ’ ಬರತೊಡಗಿತು: ಮಗುವಿನ ಸ್ಥಿತಿ ಬಿಗಡಾಯಿಸುತ್ತಿದೆ ಎನ್ನಿಸಿದರೆ ಬೇರೊಂದು ತಂಡ ಕೂಡಲೇ ಬಂದು ನೋಡಲಿ ಎಂದು ಕುಟುಂಬವೇ ಕೇಳಬಹುದು. ನಮ್ಮ ತಾಯಂದಿರು ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತ ಬಂದಿದ್ದಾರೆ. ‘ಇವನು ಇವನ ಹಾಗಿಲ್ಲ ಡಾಕ್ಟ್ರೇ’, ‘ಯಾಕೋ ಮುಖಾನೇ ಸರಿ ಕಾಣ್ತಿಲ್ಲ’, ‘ಉಚ್ಚೆ ಹೊಯ್ದಲ್ಲೆಲ್ಲ ಇರುವೆ ಮುತ್ತುತ್ತಾವೆ’. ಕೊನೆಯ ಮಾತನ್ನು ಯಾರಾದರೂ ಕೇಳಿಸಿಕೊಂಡಿದ್ದರೆ, ಮಧುಮೇಹದಿಂದ ಏದುಸಿರು ಬಿಡುತ್ತಿದ್ದ ಎಷ್ಟೋ ಮಕ್ಕಳು ನ್ಯುಮೋನಿಯಾದ ಹೆಸರಿನಲ್ಲಿ ಎರಡು ದಿನ ಕಳೆಯುತ್ತಿರಲಿಲ್ಲ. ಐದು ನಿಮಿಷಕ್ಕೊಂದು ಮಗು ನೋಡುವ ಹೊರರೋಗಿ ವಿಭಾಗದಲ್ಲಿ ಇದಕ್ಕೆಲ್ಲ ಕಿವಿ ಎಲ್ಲಿಂದ ತರೋಣ ಎಂದು ಯುವ ವೈದ್ಯರು ಕೇಳುತ್ತಾರೆ. ಅವರ ದಣಿವು ಸುಳ್ಳಲ್ಲ. ಮೂವತ್ತಾರು ಗಂಟೆ ನಿದ್ದೆಯಿಲ್ಲದವರಿಗೆ ಉಪದೇಶ ಮಾಡುವ ಧೈರ್ಯ ನನಗಿಲ್ಲ.

ಈಚೆಗೆ ಒಂದು ಆಸ್ಪತ್ರೆಯ ಮಾಸಿಕ ಸಭೆಗೆ ಹೋಗಿದ್ದೆ. ತೀರಿಕೊಂಡ ಮಕ್ಕಳ ಕಾಗದಗಳನ್ನು ಮುಂದಿಟ್ಟುಕೊಂಡು ಮಾತಾಡುವ ಸಭೆ. ಅಲ್ಲಿ ಅದನ್ನು ತಪ್ಪದೆ ನಡೆಸುತ್ತಾರೆ. ನಾಲ್ಕು ವರ್ಷದ ಹೆಣ್ಣುಮಗು, ವಾಂತಿಭೇದಿಯೆಂದು ಸೇರಿಸಿಕೊಂಡದ್ದು, ಹೃದಯದ ಸ್ನಾಯುವಿನ ಉರಿಯೂತವಾಗಿತ್ತು. ಬಾಟಲಿಯ ನೀರು ಹೆಚ್ಚಾದಂತೆಲ್ಲ ಹೃದಯ ಸೋಲುತ್ತ ಹೋಗಿತ್ತು. ಪಿ.ಜಿ. ಎರಡನೆಯ ವರ್ಷದ ಹುಡುಗಿಯೊಬ್ಬಳು ಎದ್ದು ನಿಂತು, ‘ಆ ರಾತ್ರಿ ಡ್ಯೂಟಿಯಲ್ಲಿದ್ದದ್ದು ನಾನು ಸರ್. ನನಗೆ ಹೊಳೆಯಲಿಲ್ಲ’ ಎಂದಳು. ಯಾರೂ ಗದರಲಿಲ್ಲ. ವಿಭಾಗದ ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ‘ಸೇರಿಸುವಾಗ ಆ ತಾಯಿ ಏನು ಹೇಳಿದ್ದಳಮ್ಮಾ?’ ಎಂದು ಕೇಳಿದರು. ಆಕೆ ಹಾಳೆ ತಿರುವಿದಳು. ತಾಯಿ ಹೇಳಿದ್ದನ್ನು ಬರೆಯಬೇಕಾದ ಜಾಗ ಅರ್ಧ ಪುಟದಷ್ಟಿತ್ತು. ‘ವಾಂತಿ, ಭೇದಿ, ಎರಡು ದಿನ’ ಎಂದು ಓದಿ ಸುಮ್ಮನಾದಳು. ಅವರು ಮುಂದೇನಿದೆ ಓದು ಎಂದರು. ಮುಂದೆ ಏನೂ ಇರಲಿಲ್ಲ.